ಪಟೇಲರು ಮಲಗಿ ಏಳದ ಮಂಚ

ಮೊನ್ನೆ ಹಾಸನದ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ನಾವು ಅಂದರೆ ನಾನು, ನನ್ನ ಹೆಂಡತಿ, ಮತ್ತು ಈ ವಯಸ್ಸಿನಲ್ಲಿ ನಮಗೊಂದು ಒಳ್ಳೆಯ ಕುರ್ಚಿ ಕೊಡಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದ ಅವಳ ತಂಗಿ. ಟೈ ಕಟ್ಟಿದ ಮಾರಾಟಗಾರನೊಬ್ಬ ನಮ್ಮನ್ನು ಒಂದು ಕಪ್ಪು ಕುರ್ಚಿಯ ಮುಂದೆ ನಿಲ್ಲಿಸಿ, "ಇದು ಆಂಟಿಕ್ ಸರ್, ನೂರು ವರ್ಷದ್ದು. ಹೋದ ತಿಂಗಳಷ್ಟೇ ತಯಾರಾಗಿ ಬಂತು" ಎಂದ. ಬಗ್ಗಿ ನೋಡಿದೆ. ಹುಳು ಕೊರೆದ ತೂತುಗಳು ಒಂದೇ ಅಳತೆಯವು, ಸಾಲಾಗಿ ಒಂದರ ಹಿಂದೆ ಒಂದು. ಡ್ರಿಲ್ ಮಾಸ್ತರರ ಕೈಯಲ್ಲಿ ಪಳಗಿದ ಹುಳುವಿರಬೇಕು.

ಅಷ್ಟರಲ್ಲಿ ಅಂಗಡಿಯ ಹಿಂದುಗಡೆಯಿಂದ, ಮರಕ್ಕೆ ಹೊಳಪು ಕೊಡಲು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ವಾಸನೆ ಬಂತು. ಬೆಲೆ ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಅದು ನಮ್ಮ ದೊಡ್ಡಪ್ಪನ ವಾಸನೆ.

ನೀವು ನಮ್ಮ ದೊಡ್ಡಪ್ಪನನ್ನು ನೋಡಿಲ್ಲ. ನೋಡಿದ್ದರೆ ನಿಮ್ಮ ಮನೆಯಲ್ಲೂ ದಿವಾನರು ಕೂತ ಕುರ್ಚಿಯೊಂದು ಇರುತ್ತಿತ್ತು. ಐವತ್ತರ ದಶಕದಲ್ಲಿ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಂದಿಯಲ್ಲಿ ಅವರ ಹಳೇ ಸಾಮಾನಿನ ಅಂಗಡಿ ಇತ್ತು. ಸಕಲೇಶಪುರದ ಕಡೆಯ ಬಿಳೀ ದೊರೆಗಳು ತೋಟ ಮಾರಿ ಸೀಮೆಗೆ ಹೊರಟಿದ್ದ ಕಾಲ. ಇತ್ತ ನಮ್ಮ ಊರುಗಳ ದೊಡ್ಡ ಮನೆಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಒಂದು ಮೇಜಿಗೆ ನಾಲ್ವರು ವಾರಸುದಾರರಾಗಿ, ಕೊನೆಗೆ ಯಾರಿಗೂ ಬೇಡವೆಂದು ಗಾಡಿಗೆ ಹೇರಿ ಕಳಿಸುತ್ತಿದ್ದರು. ಮುರಿದ ಕಾಲು, ಹರಿದ ಬೆತ್ತ, ಗೆದ್ದಲು ಹತ್ತಿದ ಬೆನ್ನು, ಎಲ್ಲವೂ ಬರುತ್ತಿತ್ತು. ಅದನ್ನೆಲ್ಲ ಮರಳಿ ಕುರ್ಚಿ ಮೇಜು ಮಾಡುವವನು ಮಲ್ಲಿಪಟ್ಟಣದ ಪುಟ್ಟಾಚಾರಿ. ಹಾಗೆ ಮಾಡಿದ್ದನ್ನು ಚರಿತ್ರೆ ಮಾಡುವವರು ನಮ್ಮ ದೊಡ್ಡಪ್ಪ.

ಅವರ ಅಂಗಡಿಯಲ್ಲಿ ಬರೀ ಕುರ್ಚಿ ಎಂಬುದೇ ಇರಲಿಲ್ಲ. ದಿವಾನರ ಕುರ್ಚಿ, ಕಲೆಕ್ಟರ್ ದೊರೆಯ ಕುರ್ಚಿ, ಇವೇ. ನಾನು ಲೆಕ್ಕ ಹಾಕಿದಂತೆ ಮೈಸೂರಿನ ದಿವಾನರುಗಳು ರಾಜ್ಯದ ಕೆಲಸ ಬಿಟ್ಟು ಬಹುಪಾಲು ಆಯುಷ್ಯವನ್ನು ಹಾಸನದ ಸುತ್ತಮುತ್ತ ಕೂತೇ ಕಳೆದಿರಬೇಕು. ನಗುವ ಹಕ್ಕು ನನಗಿಲ್ಲ. ಆಗ ನಾನು ಬಿ.ಎ. ಮುಗಿಸಿ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ, ಊಟ ದೊಡ್ಡಪ್ಪನ ಮನೆಯಲ್ಲಿ. ಆ ಅನ್ನದ ಋಣಕ್ಕೆ ಕುರ್ಚಿಗಳಿಗೆ ಕಟ್ಟುವ ಚೀಟಿಗಳನ್ನು ದುಂಡಗೆ ಬರೆದುಕೊಡುತ್ತಿದ್ದವನು ನಾನೇ.

ಕುರ್ಚಿಯ ವಿಷಯ ಹೀಗೆ. ಮಂಚದ ವಿಷಯ ಬೇರೆ. ಮಂಚ ಕೊಳ್ಳಲು ಬಂದವರು ಮರ ಯಾವುದೆಂದು ಕೇಳುತ್ತಿರಲಿಲ್ಲ. ಒಮ್ಮೆ ಕೆಮ್ಮಿ, ದನಿ ತಗ್ಗಿಸಿ, "ಇದ್ರ ಮ್ಯಾಲೆ ಯಾರೂ ಓಗಿಲ್ಲ ತಾನೆ?" ಎನ್ನುತ್ತಿದ್ದರು.

"ಅಯ್ಯೋ, ಮಂಚದ ಮ್ಯಾಲೆ ಯಾರಯ್ಯಾ ಸಾಯ್ತಾರೆ? ಕೊನೇ ಗಳಿಗೇಲಿ ಕೆಳಗೆ ಇಳ್ಸಿ ಚಾಪೆ ಮ್ಯಾಲೆ ಮಲಗಿಸ್ತಾರಲ್ವ?" ಎನ್ನುತ್ತಿದ್ದರು ದೊಡ್ಡಪ್ಪ. ಇದು ಅವರು ಅಂಗಡಿಯಲ್ಲಿ ಹೇಳುತ್ತಿದ್ದ ಏಕಮಾತ್ರ ನಿಜ.

ಇಂಥ ದೊಡ್ಡಪ್ಪ ಒಂದು ದಿನ ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಿಂದ ಒಂದು ಬೀಟೆ ಮಂಚ ತಂದರು. ತಲೆಗಡೆಯ ಹಲಗೆಯ ತುಂಬ ಗಿಳಿ, ಬಳ್ಳಿ. ಒಂದೂ ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಅಗ್ಗಕ್ಕೆ ಸಿಕ್ಕಿತೆಂದು ಮೀಸೆ ತಿರುವಿದರು. ಅಗ್ಗ ಯಾಕೆಂದು ಮಾರನೆಯ ದಿನವೇ ತಿಳಿಯಿತು. ಆ ಮನೆಯ ಪಟೇಲರು ರಾತ್ರಿ ಮುದ್ದೆ ಉಂಡು ಅದರ ಮೇಲೆ ಮಲಗಿದವರು ಬೆಳಗ್ಗೆ ಏಳಲಿಲ್ಲ. ಕೆಳಗಿಳಿಸಲು ಯಾರಿಗೂ ಅವಕಾಶ ಕೊಡದೆ ಹೋಗಿಬಿಟ್ಟಿದ್ದರು. ಈ ಸುದ್ದಿ ಹೊಳೆನರಸೀಪುರ, ಅರಕಲಗೂಡಿನವರೆಗೂ ಹರಡಿತ್ತು. ಕಿವಿಗೆ ಬೀಳದೆ ಉಳಿದವರು ನಮ್ಮ ದೊಡ್ಡಪ್ಪ ಒಬ್ಬರೇ.

ಆಚಾರಿ ಮಾತ್ರ ಮಂಚ ಬಂದಾಗಿನಿಂದ ಅದರ ಸುತ್ತಲೇ ಇದ್ದ. ಮಾತು ಕಡಿಮೆಯ ಮನುಷ್ಯ, ಕುಳ್ಳ, ಕಿವಿಯ ಮೇಲೆ ಸದಾ ಒಂದು ಬೀಡಿ. ಅಡ್ಡಪಟ್ಟಿಯ ತಳಭಾಗವನ್ನು ಬೆರಳಿನಿಂದ ಸವರಿ ನನ್ನನ್ನು ಕರೆದ.

"ನೋಡಿ ಸಾ, ಉಳಿ ಗುರ್ತು ಎತ್ಲಾಗೆ ವಾಲವೆ?"

"ಬಲಕ್ಕೆ ಕಣಯ್ಯ. ಅದಕ್ಕೇನು?"

"ಎಲ್ರುದೂ ಎಡಕ್ಕೆ ವಾಲ್ತದೆ. ನಮ್ಮಪ್ಪ ಎಡಚ. ಇದು ನಮ್ಮಪ್ಪನ ಕೆಲ್ಸ ಸಾ." ಆ ಗುರುತಿನ ಮೇಲೆ ಮತ್ತೆ ಬೆರಳಾಡಿಸುತ್ತ ಹೇಳಿದ: "ಅವ್ನು ಮಾಡಿದ್ ನೇಗ್ಲು, ಗಾಡಿ ಎಲ್ಲ ಮಣ್ಣಾಗೋದ್ವು. ಇದೊಂದ್ ಉಳ್ಕಂಡದೆ."

ಅವನಿಗೆ ಇದ್ದ ಆಸೆ ಇಷ್ಟೇ: ಮಂಚ ಇಡಿಯಾಗಿ ಯಾರದಾದರೂ ಮನೆ ಸೇರಬೇಕು. ಅದು ಆಗುವ ಹಾಗೆ ಕಾಣಲಿಲ್ಲ. ಯಾಕೆಂದರೆ ಹೋಟೆಲ್ ಶೇಷಣ್ಣ ದಿನಾ ಬಂದು ಆ ತಲೆಹಲಗೆಯನ್ನು ಮೊಳ ಹಾಕಿ ನೋಡಿಕೊಂಡು ಹೋಗುತ್ತಿದ್ದ. ಅವನಿಗೆ ಗಲ್ಲಾಪೆಟ್ಟಿಗೆ ಇಡಲು ಮೇಜು ಬೇಕಿತ್ತು, ಬೆಂಚು ಬೇಕಿತ್ತು.

"ನಿಂಗೆ ಎದ್ರಿಕೆ ಇಲ್ವೇನಯ್ಯ?" ಎಂದು ದೊಡ್ಡಪ್ಪ ಕೇಳಿದರೆ, "ಕುಯ್ದು ತುಂಡು ಮಾಡಿದ್ಮೇಲೆ ಪಟೇಲ್ರು ಯಾವ್ ತುಂಡ್ನಲ್ಲಿ ಸತ್ರು ಅಂತ ದೋಸೆ ತಿನ್ನೋನ್ಗೆ ಏನ್ ಗೊತ್ತಾಯ್ತದೆ?" ಎಂದ. ಹೋಟೆಲಿನವರ ತತ್ತ್ವಜ್ಞಾನಕ್ಕೆ ಎದುರಾಡುವುದು ಕಷ್ಟ.

ಈಗ ನನ್ನ ಪಾತ್ರಕ್ಕೆ ಬರುತ್ತೇನೆ. ಆ ವರ್ಷ ನನ್ನ ಮದುವೆ ಗೊತ್ತಾಗಿತ್ತು. ವಾಚನಾಲಯದ ಜಗಲಿಯಲ್ಲಿ ಕೂತು ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವವರಲ್ಲಿ ನಾನೇ ಮೊದಲಿಗ. ದೊಡ್ಡಪ್ಪ ಇದನ್ನು ನೆನಪಿಟ್ಟುಕೊಂಡು, "ನೀನು ಓದ್ದೋನು, ಇವೆಲ್ಲ ನಂಬಾಕಿಲ್ಲ. ಮಂಚ ನಿಂಗೇ ಉಡುಗೊರೆ ಕಣ್ಲಾ, ತಗಂಡೋಗು" ಎಂದರು. ನನ್ನ ಬಿ.ಎ. ಎಲ್ಲಿ ಹೋಯಿತೋ ತಿಳಿಯದು. "ನನ್ನ ಬಾಡಿಗೆ ಕೋಣೆಯ ಬಾಗಿಲು ಚಿಕ್ಕದು ದೊಡ್ಡಪ್ಪ" ಎಂದುಬಿಟ್ಟೆ. ಆಚಾರಿ ಅಂದೇ ಸಂಜೆ ಅಳತೆ ಕೋಲು ಹಿಡಿದು ನನ್ನ ಕೋಣೆಗೆ ಬಂದ. ಬಾಗಿಲು ಅಳೆದು, ಮುಖವೆಲ್ಲ ಬೆಳಕು ಮಾಡಿಕೊಂಡು, "ಬಿಚ್ಚಿ ತಂದ್ರೆ ಓಯ್ತದೆ ಸಾ, ಇನ್ನೂ ನಾಕ್ ಬೆಟ್ಟು ಮಿಗ್ತದೆ" ಎಂದ. ನಾನು ಕೋಣೆಯನ್ನೇ ಬದಲಾಯಿಸುತ್ತಿದ್ದೇನೆ ಎಂದೆ. ಅವನು ನನ್ನ ಮುಖ ನೋಡಿದ. ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಕೊನೆಗೆ ದೊಡ್ಡಪ್ಪನೇ ಒಂದು ಉಪಾಯ ಹೂಡಿದರು. ಸಂತೆಯ ದಿನ ಮಂಚವನ್ನು ಅಂಗಡಿಯ ಮುಂದೆ ಹಾಕಿಸಿ, ಊಟವಾದ ಮೇಲೆ ತಾವೇ ಅದರ ಮೇಲೆ ಮಲಗುವುದು. ಸಂತೆಗೆ ಬಂದ ಜನ ಕಣ್ಣಾರೆ ನೋಡಲಿ, ಭಯ ಹೋಗಲಿ. ಒಳ್ಳೆಯ ಜಾಹೀರಾತು. ಆದರೆ ಅವರಿಗೂ ಒಳಗೊಳಗೇ ಅಳುಕಿತ್ತು. ಗೊರಕೆಗೆ ಹೆಸರಾದ ಮನುಷ್ಯ ಅಂದು ಉಸಿರು ಬಿಗಿಹಿಡಿದು, ಎರಡು ಕೈಯನ್ನೂ ಎದೆಯ ಮೇಲೆ ಜೋಡಿಸಿ, ನೊಣದ ಕಾಟಕ್ಕೆ ಬಿಳೀ ಪಂಚೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಮರದ ಹಾಗೆ ಮಲಗಿದರು. ಹಾಗೇ ನಿದ್ದೆ ಹತ್ತಿಬಿಟ್ಟಿತು.

ಕಟ್ಟಾಯದ ಕಡೆಯಿಂದ ಬದನೆಕಾಯಿ ಹೊತ್ತು ಬಂದಿದ್ದವನೊಬ್ಬ ಮೊದಲು ನೋಡಿದ. "ಅಯ್ಯಯ್ಯೋ, ಯಜಮಾನ್ರೂ ಓಗ್ಬುಟ್ರಲ್ಲಪ್ಪೋ!" ಎಂದ. ಅಷ್ಟೇ ಸಾಕಾಯಿತು. ಹೂವಿನವಳು ಎರಡು ಮೊಳ ಕನಕಾಂಬರ ಕಾಲ ಬಳಿ ಇಟ್ಟು ಕೈಮುಗಿದಳು. ಊಟದ ಬಿಡುವಿನಲ್ಲಿ ನಾನು ಬರುವ ಹೊತ್ತಿಗೆ ಜನ ಎರಡು ಸಾಲಾಗಿ ನಿಂತಿದ್ದರು. ಯಾರೋ ಮನೆಗೆ ಸುದ್ದಿ ಮುಟ್ಟಿಸಿದ್ದರಿಂದ ದೊಡ್ಡಮ್ಮ ಬಿಚ್ಚಿದ ಕೂದಲಲ್ಲೇ ಓಡಿ ಬಂದು ಮಂಚದ ಕಾಲಿಗೆ ತಲೆ ಇಟ್ಟು ಒಂದೇ ಸಮನೆ ಕಿರುಚಿದರು. ದೊಡ್ಡಪ್ಪ ದಡಕ್ಕನೆ ಎದ್ದು ಕೂತರು. ಬದನೆಕಾಯಿಯವನು ಬುಟ್ಟಿ ಬಿಟ್ಟು ಓಡಿದವನು ಮತ್ತೆ ಬರಲೇ ಇಲ್ಲ. ಆ ವಾರವೆಲ್ಲ ನಮಗೆ ಎಣ್ಣೆಗಾಯಿ.

ಜಾಹೀರಾತಿನ ಫಲ ಕೂಡಲೇ ಸಿಕ್ಕಿತು. ಅದುವರೆಗೆ ಆ ಮಂಚದ ಮೇಲೆ ಒಬ್ಬರು ಸತ್ತಿದ್ದರು. ಈಗ ಇನ್ನೊಬ್ಬರು ಸತ್ತು ಎದ್ದಿದ್ದರು. ಜನ ಎರಡನೆಯದಕ್ಕೇ ಹೆಚ್ಚು ಹೆದರಿದರು.

ಮಾರನೆಯ ದಿನ ಭಾನುವಾರವಲ್ಲ, ರಜೆಯೂ ಇರಲಿಲ್ಲ. ಆದರೂ ಶೇಷಣ್ಣ ಬರುತ್ತಾನೆಂದು ತಿಳಿದು ನಾನು ಕಚೇರಿಗೆ ಚಕ್ಕರ್ ಹೊಡೆದೆ. ದೊಡ್ಡಪ್ಪ ಸೋತಿದ್ದರು. "ಕುಯ್ಯಿ ಆಚಾರಿ" ಎಂದರು. ಆಚಾರಿ ಗರಗಸ ತೆಗೆದುಕೊಂಡು ಅದರ ಹಲ್ಲಿಗೆ ಅರ ತಿಕ್ಕುತ್ತ ಕೂತ. ಒಂದು ಗಂಟೆ ತಿಕ್ಕಿದ. ಎರಡು ಗಂಟೆ ತಿಕ್ಕಿದ. ಶೇಷಣ್ಣ, "ಏನ್ಲಾ, ಗರಗಸ ಮಾಡ್ತಿದೀಯೋ ಸೂಜಿ ಮಾಡ್ತಿದೀಯೋ?" ಎಂದು ರೇಗಿದ. ಆಗ ಆಚಾರಿ ಗರಗಸವನ್ನು ನೆಲಕ್ಕಿಟ್ಟ.

"ಬ್ಯಾರೆ ಯಾರ್ನಾದ್ರೂ ಕರ್ಕಳಿ ಯಜಮಾನ್ರೇ. ನಮ್ಮಪ್ಪನ್ನ ಎಲ್ಡ್ ಸತಿ ಮಣ್ಣು ಮಾಡಾಕೆ ನನ್ ಕೈಲಿ ಆಗಾಕಿಲ್ಲ."

ಬುತ್ತಿ ತಂದಿದ್ದ ದೊಡ್ಡಮ್ಮ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡರು. ಇಲ್ಲೊಂದು ಮಾತು ಹೇಳಬೇಕು. ಜಿಲ್ಲೆಗೆಲ್ಲ ಮಂಚ ಒದಗಿಸಿದ ದೊಡ್ಡಪ್ಪನ ಮನೆಯಲ್ಲಿ ಒಂದೂ ಮಂಚ ಇರಲಿಲ್ಲ. ಬಂದದ್ದೆಲ್ಲ ಮಾರಾಟಕ್ಕೆ. ದೊಡ್ಡಮ್ಮ ಮದುವೆಯಾದಾಗಿನಿಂದ ಚಾಪೆಯ ಮೇಲೆ, ಥಂಡಿ ನೆಲದ ಮೇಲೆ, ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

"ಆಚಾರಿ, ಅದ್ನ ಬಿಚ್ಚಿ ಗಾಡಿಗೆ ಏರು. ನಮ್ಮನೇಗೆ" ಎಂದರು.

ದೊಡ್ಡಪ್ಪ ಬೆಚ್ಚಿಬಿದ್ದರು. "ಲೇ, ಪಟೇಲ ಅದ್ರ ಮ್ಯಾಲೆ ನಿದ್ದೇಲೇ ಓದ ಕಣೇ!"

"ನಿದ್ದೇಲೇ ಓದ್ರಲ್ವ? ಪುಣ್ಯವಂತ್ರು. ನಿಮ್ ಗೊರಕೇಲಿ ನಂಗೆ ಅಂಥ ನಿದ್ದೆ ಯಾವತ್ತು ಬಂದದೆ? ಬಂದ್ರೆ ಬರ್ಲಿ ಬುಡಿ."

ಶೇಷಣ್ಣನಿಗೆ ಹಲಸಿನ ಹಲಗೆ ಕೊಟ್ಟು ಸಮಾಧಾನ ಮಾಡಿದ್ದಾಯಿತು. ಅಂದಿನಿಂದ ದೊಡ್ಡಮ್ಮ ಮಂಚದ ಮೇಲೆ, ದೊಡ್ಡಪ್ಪ ಗೋಡೆಯ ಬದಿಗೆ ಚಾಪೆಯ ಮೇಲೆ. ಅಂಗಡಿಯಲ್ಲಿ ಮಾತ್ರ, "ಧೈರ್ಯ ಬೇಕಯ್ಯ, ನಮ್ಮನೇಲೇ ಒಂದದೆ" ಎಂದು ಎದೆಯುಬ್ಬಿಸುತ್ತಿದ್ದರು.

ಆಮೇಲೆ ಮೂರ್ನಾಲ್ಕು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಆಚಾರಿ ಮಂಚದ ಬೆಣೆ ಸಡಿಲವಾಗಿದೆಯೇ ನೋಡಲು ಬಂದಿದ್ದ. ನಾನೂ ಅಲ್ಲಿದ್ದೆ. ಕೆಲಸ ಮುಗಿಸಿ, ವಾಡಿಕೆಯಂತೆ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂರಲು ಹೋದವನನ್ನು ದೊಡ್ಡಮ್ಮ ತಡೆದು, "ಅಲ್ಲೇ ಮಂಚದ್ ಮ್ಯಾಲೆ ಕೂತ್ಕಳಪ್ಪ, ಕಾಪಿ ತತ್ತೀನಿ" ಎಂದರು. ಅವನು ಬೇಡ ಬೇಡವೆಂದು ಹಿಂದೆ ಸರಿದ. ದೊಡ್ಡಮ್ಮ ಗದರಿದರು. ಪಂಚೆಯ ಹಿಂಬದಿಯ ಮರದ ಪುಡಿಯನ್ನು ಎರಡು ಸಲ ಕೊಡವಿಕೊಂಡು, ಅವನು ಅಂಚಿನಲ್ಲಿ ಕೂತ. ಕಾಲುಗಳು ನೆಲ ಮುಟ್ಟಲಿಲ್ಲ.

ಕೆಳಗೆ ಬಗ್ಗಿ ನೋಡಿಕೊಂಡು, "ಒಂದ್ ಗೇಣು ಎತ್ರ ಆಗೋಗದಲ್ಲ ಅಮ್ಮಾವ್ರೇ" ಎಂದ. "ನಮ್ಮಪ್ಪ ಪಟೇಲ್ರ ಅಳತೆಗೆ ಮಾಡವ್ನೆ."

ಕಾಫಿ ಬಂತು. ಲೋಟ ಖಾಲಿಯಾದ ಮೇಲೂ ಅವನು ಸ್ವಲ್ಪ ಹೊತ್ತು ಹಾಗೆಯೇ, ಕಾಲು ಇಳಿಬಿಟ್ಟುಕೊಂಡು ಕೂತಿದ್ದ.