ವಾರೆನ್‌ನಲ್ಲಿ ಕಾರಿನ ಮಡಿ

ಇಂದು ಸಂಜೆ ಡೆಟ್ರಾಯಿಟ್‌ನ ಸಭೆಯೊಂದರಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿ ನಾನು ಮಾತನಾಡಬೇಕಿತ್ತು. ಉಳಿದುಕೊಂಡಿದ್ದು ಪಕ್ಕದ ಊರು ವಾರೆನ್‌ನಲ್ಲಿ, ಕಾರು ಕಂಪನಿಯ ಎಂಜಿನಿಯರ್ ನಾಗರಾಜರ ಮನೆಯಲ್ಲಿ. ಆ ಹೊತ್ತಿಗೆ ಬಸ್ಸಿಲ್ಲ. ಅವರ ಕಾರಿನ ಬಾಗಿಲ ಬಳಿ ಬಂದವನು ಅಲ್ಲೇ ನಿಂತುಬಿಟ್ಟೆ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕು ತಯಾರಿಸಿ ಲಾಭ ಮಾಡಿಕೊಂಡ ಉದ್ಯಮದ ವಾಹನದಲ್ಲಿ ಕುಳಿತು ಶಾಂತಿಸಭೆಗೆ ಹೋಗುವುದು ಯಾವ ನ್ಯಾಯ?

“ಸಾರ್, ಆಗ ಇಲ್ಲಿನ ಕಾರ್ ಕಂಪನಿಗಳೆಲ್ಲ ಯುದ್ಧದ ಕೆಲಸಾನೇ ಮಾಡಿದ್ದು,” ಎಂದರು ನಾಗರಾಜ.

“ಹಾಗಾದರೆ ಪಕ್ಕದ ಮನೆಯವರ ಆ ಪುಟ್ಟ ಜರ್ಮನ್ ಕಾರು?”

“ಆ ಯುದ್ಧದಲ್ಲಿ ಜರ್ಮನ್ನರೇನು ಹಪ್ಪಳ ಒತ್ತುತಿದ್ರಾ ಸಾರ್?”

ಅಷ್ಟರಲ್ಲಿ ಅವರ ತಾಯಿ ಚೊಂಬು ಹಿಡಿದು ಹೊರಬಂದರು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಅವರಿಗೆ ಮಡಿ ಮೈಲಿಗೆಗಳ ಅನ್ಯಾಯವನ್ನು ನಾನು ಬೆಳಿಗ್ಗೆಯಷ್ಟೇ ವಿವರಿಸಿದ್ದೆ.

“ನನ್ನ ಮಡಿ ಮೂಢನಂಬಿಕೆ ಅಂದ್ರಲ್ಲಪ್ಪ, ಇದು ಯಾವ ಮಡಿ?” ಎನ್ನುತ್ತಲೇ ಚೊಂಬಿನ ನೀರನ್ನೆಲ್ಲ ಸೀಟಿನ ಮೇಲೆ ಸುರಿದರು. “ಶುದ್ಧ ಆಯ್ತು, ಹತ್ತಿ.”

ಸಭೆಗೆ ಹೊತ್ತಾಗಿತ್ತು, ಹತ್ತಿದೆ. ವೇದಿಕೆಯಲ್ಲಿ ಅಮೆರಿಕದ ಯುದ್ಧನೀತಿಯ ಒಂದೊಂದು ಅನ್ಯಾಯವನ್ನೂ ಹೆಸರಿಸಿ ಖಂಡಿಸಿದೆ. ಒದ್ದೆ ಪಂಚೆಯಲ್ಲಿ, ಅಪ್ಪಟ ಮಡಿಯಲ್ಲಿ.