ಚರಗಕ್ಕೆ ಯಾವ ದೋಣಿ

ಮಾರಿಕಣಿವೆ ಅಣೆಕಟ್ಟು ತುಂಬಿದಾಗಿನಿಂದ ಹೊಸದುರ್ಗದ ಕಡೆಯ ನಮ್ಮ ಹೊಲ ಹಿನ್ನೀರಿನ ಅಡಿಯಲ್ಲಿದೆ. ಆದರೂ ಸೀಗೆ ಹುಣ್ಣಿಮೆಗೆ ಅಲ್ಲೇ ಚರಗ ಚೆಲ್ಲಬೇಕೆಂದು ಅವ್ವ ಹಟ ಹಿಡಿದಳು. ಅನ್ನ, ಕಡುಬು, ಪಲ್ಯ ಕಲೆಸಿ ಹೊಲದ ತುಂಬ ಎರಚಿ ಭೂಮಿತಾಯಿಗೆ ಉಣಿಸುವುದನ್ನು ಅವಳು ಎಂದೂ ತಪ್ಪಿಸಿದವಳಲ್ಲ. ಬುಟ್ಟಿ ಹಿಡಿದು ದಡಕ್ಕೆ ಹೋದೆವು.

ಅಲ್ಲಿ ಎರಡು ದೋಣಿ ಇದ್ದವು. ಎರಡೂ ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿದ ಪಾಂಟೂನ್‌ಗಳೇ. ಒಂದು ನಮ್ಮ ನಡುಮನೆಯಷ್ಟು, ಇನ್ನೊಂದು ಮಂಚದಷ್ಟು.

“ದೊಡ್ಡದ್ರಾಗೆ ನಿಂತ್ಕಂಡು ಚೆಲ್ಲಬೋದ್ರಿ. ಆದ್ರೆ ಮುಳುಗಿರೋ ಮರಗಳ ಒಳಗೆ ಅದು ಹೋಗಲ್ಲ,” ಎಂದ ದೋಣಿಯವನು. “ಸಣ್ಣದು ಹೋಗ್ತೈತೆ, ಎದ್ದು ನಿಲ್ಲಂಗಿಲ್ಲ.”

“ಕುಂತ್ಕಂಡು ಯಾರಾದ್ರೂ ಚರಗ ಚೆಲ್ತಾರೇನಪ್ಪ?”

“ಹಂಗಾರೆ ದೊಡ್ಡದ್ರಿಂದ ದೂರಕ್ಕೆ ಎಸೀರಮ್ಮ.”

“ಪಕ್ಕದ ಹೊಲದೋರಿಗೆ ಬಿದ್ರೆ?”

ಸಣ್ಣದನ್ನೇ ಹತ್ತಿದೆವು. ನನಗೆ ಕಂಡದ್ದು ನೀರು, ಅಲ್ಲಲ್ಲಿ ತೆಂಗಿನ ತಲೆ. ಅವ್ವನಿಗೆ ಹೊಲವೇ ಕಾಣುತ್ತಿತ್ತು. “ಇಲ್ಲೇ ತಿರುಗ್ಸಪ್ಪ, ಬದು ದಾಟಬ್ಯಾಡ,” ಎನ್ನುತ್ತಾ ದೋಣಿಯವನನ್ನು ನಾಲ್ಕೂ ಮೂಲೆ ಸುತ್ತಿಸಿ, ಕುಳಿತಲ್ಲಿಂದಲೇ ಚರಗ ಚೆಲ್ಲಿದಳು. ಬುಟ್ಟಿ ಖಾಲಿಯಾದ ಮೇಲೆ ಮೊಣಕೈವರೆಗೆ ನೀರಿಗೆ ಕೈ ಇಳಿಸಿದಳು. ನಾನೂ ಇನ್ನೊಂದು ಬದಿಯಿಂದ ಇಳಿಸಿದೆ. ಮಣ್ಣು ಮುಟ್ಟುವಷ್ಟು ಉದ್ದದ ಕೈ ಇಬ್ಬರಿಗೂ ಇರಲಿಲ್ಲ.

ದಡ ಸೇರಿದಾಗ ದೋಣಿಯವನು ಕೇಳಿದ: “ಮುಂದಿನ ವರ್ಷಕ್ಕೂ ಸಣ್ಣದೇ ಇಟ್ಟಿರ್ಲೇನಮ್ಮ?”

“ಮುಂದಿನ ವರ್ಷ ನಡ್ಕಂಡು ಬರ್ತೀನಿ ಕಣಪ್ಪ.”

ನೀರಿಗಾಗಿ ಊರೂರೇ ಕೈಮುಗಿಯುವ ನಮ್ಮ ಜಿಲ್ಲೆಯಲ್ಲಿ, ನೀರು ಇಳಿಯಲಿ ಎಂದು ಬೇಡಿಕೊಳ್ಳುವವಳು ಅವ್ವ ಒಬ್ಬಳೇ ಇರಬೇಕು. ನಾನೂ ಬೇಡಿಕೊಳ್ಳುತ್ತೇನೆ, ಯಾರಿಗೂ ಕೇಳಿಸದ ಹಾಗೆ.