ಬಿಸಿನೀರಿಗೆ ಬಂದ ಕಡಲಹಸು

ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿಯ ತಾಯಿ ಊರಲ್ಲಿ ತೀರಿಕೊಂಡರು. ಇವಳು ಇಲ್ಲಿ ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆ ಸಿಗುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು. ಆಮೇಲೆ ನಮ್ಮ ಹವಲ್ಲಿಯ ಫ್ಲಾಟಿನಲ್ಲಿ ಮಾತೆಂದರೆ "ಊಟ ಉಂಟು", "ಬಾಗಿಲು ಹಾಕಿ", ಅಷ್ಟೇ. ನಾನು ಸಹನೆಯ ಮನುಷ್ಯನಲ್ಲ. ಮೂರೇ ವಾರಕ್ಕೆ ಆ ಮೌನ ನನ್ನ ತಲೆ ತಿನ್ನತೊಡಗಿತು.

ಒಂದು ಶುಕ್ರವಾರ ಬೆಳಿಗ್ಗೆ ಅವಳನ್ನು ಕಾರಿಗೆ ಹತ್ತಿಸಿ ನಾನು ಗಾಳ ಹಾಕುವ ಜಾಗಕ್ಕೆ ಹೊರಟೆ. ವಿದ್ಯುತ್ ಸ್ಥಾವರದ ಬಿಸಿನೀರು ಕಡಲಿಗೆ ಬೀಳುವುದು ಅಲ್ಲಿಯೇ. ಚಳಿಗೆ ಮೀನುಗಳು ಬಂದು ಮುತ್ತುತ್ತವೆ. ಆ ದಿನ ಮೀನು ಸಿಗಲಿಲ್ಲ. ಬೂದು ಬಣ್ಣದ ದೊಡ್ಡ ಬೆನ್ನೊಂದು ಎದ್ದಿತು, ಮೂಗು ಮೇಲೆತ್ತಿ ಉಸಿರು ಬಿಟ್ಟು ಮುಳುಗಿತು. ಕಡಲಹಸು, ನೀರಡಿಯ ಹುಲ್ಲು ಮೇಯುವ ಪ್ರಾಣಿ. ಪಕ್ಕದಲ್ಲೇ ಮರಿ. ಈ ಕಡೆಗೆ ಅವು ಬರುವುದೇ ಅಪರೂಪ ಎಂದು ಗಾಳ ಹಾಕುತ್ತಿದ್ದ ಈಜಿಪ್ಟಿನವನೊಬ್ಬ ಹೇಳಿದ.

ಹೆಂಡತಿ ಕಲ್ಲಿನ ಮೇಲೆ ಕೂತು ಎರಡು ಗಂಟೆ ನೋಡಿದಳು. ಮರಿ ಉಸಿರಿಗೆ ಬಂದಾಗಲೆಲ್ಲ ತಾಯಿಯೂ ಬರುತ್ತಿತ್ತು. "ನಾನು ಬಾವಿಗೆ ಇಣುಕಿದ್ರೆ ಅಮ್ಮ ಹಿಂದಿನಿಂದ ಜಡೆ ಹಿಡಿತಿದ್ರು," ಅಂದಳು. ಮತ್ತೆ ಏನೇನೋ ಹೇಳಿದಳು. ನನಗೆ ಖುಷಿ ತಡೆಯಲಾಗಲಿಲ್ಲ.

ಆ ಖುಷಿಯಲ್ಲೇ ಎಡವಟ್ಟು ಮಾಡಿದೆ. ವಿಡಿಯೋವನ್ನು ಲೊಕೇಶನ್ ಸಮೇತ ನಮ್ಮ ಊರವರ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ನಮ್ಮವರಿಗೆ ಕೇಳಬೇಕೇ? ಮುಂದಿನ ಶುಕ್ರವಾರ ಹದಿನಾಲ್ಕು ಕಾರು, ಚಾಪೆ, ಕೋರಿ ರೊಟ್ಟಿ, ಸ್ಪೀಕರು. ಮಕ್ಕಳು ನೀರಿಗೆ ಬನ್ನು ಎಸೆದರು. ಹೆಂಡತಿ ನಗುತ್ತಲೇ ಎಲ್ಲರಿಗೂ ಬಡಿಸಿದಳು. ಕಡಲಹಸು ಬರಲಿಲ್ಲ. ಅದರ ಮುಂದಿನ ವಾರ ನಾವಿಬ್ಬರೇ ಹೋದೆವು, ಆಗಲೂ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಸಮಾಧಾನ ಹೇಳಲು ಹೋದೆ. "ಇನ್ನೊಮ್ಮೆ ಬಂದೀತು ಮಾರಾಯ್ತಿ. ಒಳ್ಳೇದು ಕಂಡ್ರೆ ನಾಲ್ಕು ಜನಕ್ಕೆ ಹೇಳುದು ತಪ್ಪಾ?"

ಅವಳು ರಸ್ತೆ ನೋಡುತ್ತಲೇ ಹೇಳಿದಳು: "ಅಮ್ಮ ಹೋದದ್ದನ್ನೂ ನೀವು ಮೊದಲು ಗ್ರೂಪಿಗೇ ಹಾಕಿದ್ದು. ನಾನು ಡ್ಯೂಟಿಯಲ್ಲಿದ್ದೆ. ಫೋನು ತೆಗೆದ್ರೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ರು. ಯಾರು ಹೋದದ್ದು ಅಂತ ನೋಡ್ಲಿಕ್ಕೆ ಮೆಸೇಜು ಸರಿಸ್ತಾ ಮೇಲೆ ಮೇಲೆ ಹೋದೆ. ಕೊನೆಗೆ ಅಮ್ಮನ ಫೋಟೋ ಸಿಕ್ಕಿತು."

ಪ್ರಾರ್ಥನೆಗೆ ಜನ ಸೇರಲಿ ಎಂದು ಹಾಕಿದ್ದೆ. ಅವಳು ಮನೆಗೆ ಬಂದ ಮೇಲೆ ಎದುರು ಕೂತು ಹೇಳೋಣ ಎಂದುಕೊಂಡಿದ್ದೆ. ಬಂದಾಗಲೇ ಅವಳಿಗೆ ಗೊತ್ತಿತ್ತು. ಊರಿಂದ ಅವಳ ತಮ್ಮ ಫೋನು ಮಾಡಿರಬೇಕೆಂದುಕೊಂಡು ನಾನು ಕೇಳಲೂ ಇಲ್ಲ. ಅಷ್ಟು ದಿನದ ಮೌನ ಅಮ್ಮ ಹೋದ ದುಃಖದ್ದು ಮಾತ್ರ ಎಂದು ನಂಬಿದ್ದೆ.

ಈ ಚಳಿಗಾಲದಲ್ಲಿ ಅವಳು ಅಲ್ಲಿಗೆ ಒಬ್ಬಳೇ ಹೋಗುತ್ತಾಳೆ. ಕಂಡಿತೇ ಎಂದು ನಾನು ಕೇಳುವುದಿಲ್ಲ. ಕಂಡರೂ ಅವಳು ನನಗೆ ಹೇಳಲಾರಳು.